ಹೋಪಿ ನಾಡನ್ನು ಓದುವುದು ಹೇಗೆ: ಅಮೆರಿಕದ ನೈಋತ್ಯದ ಪುರಾತತ್ವ ಕಲಿಯುವವರಿಗೆ ಒಂದು ದಾರಿ

ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋದ ಕನ್ನಡಿಗರಲ್ಲಿ ಅನೇಕರು ಅದರ ಪೂರ್ವದ ಅಂಚಿನಲ್ಲಿರುವ ಡೆಸರ್ಟ್ ವ್ಯೂ ಗೋಪುರವನ್ನು ಹತ್ತಿರುತ್ತಾರೆ. ಅದರೊಳಗಿನ ಗೋಡೆಯ ಮೇಲೆ ಒಂದು ದೊಡ್ಡ ದುಂಡು ಚಿತ್ರವಿದೆ. ನದಿ ಹರಿದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಹೊರಟ ತರುಣನೊಬ್ಬನ ಕಥೆ ಅದು. ಟೊಳ್ಳು ದಿಮ್ಮಿಯೊಳಗೆ ಕುಳಿತು ಕೊಲೊರಾಡೊ ನದಿಯಲ್ಲಿ ತೇಲಿಹೋದವನು ಸರ್ಪಕುಲದ ಹೆಣ್ಣನ್ನು ಮದುವೆಯಾಗಿ, ಮಳೆಗಾಗಿ ನಡೆಸುವ ಆಚರಣೆಯನ್ನು ಕಲಿತು ಊರಿಗೆ ಮರಳುತ್ತಾನೆ. ಗೋಪುರ ಕಟ್ಟಿದ್ದು 1932ರಲ್ಲಿ. ಚಿತ್ರ ಬರೆದವರು ಹೋಪಿ ಎಂಬ ಮೂಲನಿವಾಸಿ ಬುಡಕಟ್ಟಿನ ಕಲಾವಿದ ಫ್ರೆಡ್ ಕಬೋಟಿ. ಹೆಚ್ಚಿನವರು ಅದರ ಮುಂದೆ ಅರೆಕ್ಷಣ ನಿಂತು ಕಿಟಕಿಯ ಕಡೆ ನಡೆದುಬಿಡುತ್ತಾರೆ. ಅವರನ್ನು ದೂರುವಂತಿಲ್ಲ, ಆ ಕಥೆಯನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಆ ಗೋಪುರದಿಂದ ಪೂರ್ವಕ್ಕೆ ಕಾರಿನಲ್ಲಿ ಕೆಲವು ಗಂಟೆ ಸಾಗಿದರೆ ಕಬೋಟಿಯವರ ಊರು ಸಿಗುತ್ತದೆ. ಅಲ್ಲಿ ಇಂದಿಗೂ ಹೋಪಿ ಮಾತನಾಡುತ್ತಾರೆ, ಮರಳಿನಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ, ಅದೇ ಮಳೆಗಾಗಿ ಪ್ರಾರ್ಥಿಸುತ್ತಾರೆ. ಹೋಪಿ ಜನರ ಬಗ್ಗೆ, ಅವರ ಪೂರ್ವಿಕರು ಬಿಟ್ಟುಹೋದ ಕಲ್ಲಿನ ಊರುಗಳ ಬಗ್ಗೆ ಬೆಂಗಳೂರಿನಲ್ಲಿ ಕುಳಿತೋ ಫೀನಿಕ್ಸ್‌ನಲ್ಲಿ ನೆಲೆಸಿಯೋ ಕಲಿಯಬೇಕೆನ್ನುವವರಿಗಾಗಿ ಈ ಲೇಖನ. ಎಲ್ಲಿ ಏನು ಸಿಗುತ್ತದೆ ಎನ್ನುವುದಕ್ಕಿಂತ ಯಾವುದನ್ನು ಮೊದಲು ಓದಬೇಕು ಎನ್ನುವುದು ಇಲ್ಲಿ ಮುಖ್ಯ. ಮೊದಲು ಪಾಳುಗೋಡೆಗಳನ್ನು ನೋಡಿ ಆಮೇಲೆ ಜನರ ಕಡೆ ತಿರುಗಿದರೆ, ಆ ಜನ ಎಂದೋ ಮುಗಿದುಹೋದ ಕಥೆಯ ಬಾಲದಂತೆ ಕಾಣುತ್ತಾರೆ. ಆದ್ದರಿಂದ ಬದುಕಿರುವವರಿಂದಲೇ ಆರಂಭಿಸಿ.

ಮೊದಲು ನಕ್ಷೆ ಮತ್ತು ಹೆಸರುಗಳು

ಅರಿಜೋನ, ನ್ಯೂ ಮೆಕ್ಸಿಕೊ, ಕೊಲೊರಾಡೊ, ಯೂಟಾ ಈ ನಾಲ್ಕು ರಾಜ್ಯಗಳ ಗಡಿಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ನೀವು ಓದಲಿರುವುದರ ಬಹುಪಾಲು ಆ ಬಿಂದುವಿನ ಸುತ್ತಲಿನ ಒಣ ಪ್ರಸ್ಥಭೂಮಿಯಲ್ಲಿ ನಡೆದದ್ದು. ಹೋಪಿ ನಾಡು ಇರುವುದು ಅರಿಜೋನದ ಈಶಾನ್ಯದಲ್ಲಿ, ನಾಲ್ಕೂ ಕಡೆ ನವಾಹೊ ಜನರ ನೆಲದಿಂದ ಸುತ್ತುವರಿದು. ಮೇಸಾ ಎಂದರೆ ತಲೆ ಚಪ್ಪಟೆಯಾದ ಗುಡ್ಡ. ಅಂಥ ಮೂರು ಮೇಸಾಗಳ ನೆತ್ತಿಯಲ್ಲೂ ಬುಡದಲ್ಲೂ, ಪಶ್ಚಿಮಕ್ಕೆ ದೂರದ ಮೊಯೆನ್‌ಕೋಪಿಯಲ್ಲೂ ಸೇರಿ ಹನ್ನೆರಡು ಊರುಗಳಿವೆ. ಮೊದಲ ಮೇಸಾದ ವಾಲ್ಪಿ, ಎರಡನೆಯದರ ಶುಂಗೋಪವಿ, ಮೂರನೆಯದರ ಒರೈಬಿ ಈ ಮೂರನ್ನಾದರೂ ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ. ಅಮೆರಿಕದಲ್ಲಿ ಜನವಸತಿ ಒಮ್ಮೆಯೂ ತಪ್ಪದ ಅತಿ ಹಳೆಯ ಊರುಗಳಲ್ಲಿ ಒರೈಬಿ ಒಂದು. ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲದಿಂದ ಅಲ್ಲಿ ಒಲೆ ಆರಿಲ್ಲ.

ಇನ್ನು ಪದಗಳು. ನಮ್ಮ ಹಳೆಯ ಪಠ್ಯಪುಸ್ತಕಗಳ ‘ರೆಡ್ ಇಂಡಿಯನ್’ ಎಂಬ ಮಾತನ್ನು ಕೈಬಿಡಿ. ಹೋಪಿಯವರನ್ನು ಹೋಪಿ ಎಂದೇ ಕರೆಯಿರಿ. ಹಳೆಯ ಪುಸ್ತಕಗಳಲ್ಲಿ ಇವರ ಪೂರ್ವಿಕರನ್ನು ‘ಅನಸಾಜಿ’ ಎಂದಿದ್ದಾರೆ. ಅದು ನವಾಹೊ ಪದ. ಶತ್ರುಗಳ ಪೂರ್ವಿಕರು ಎಂಬ ಅರ್ಥ ಅದಕ್ಕಿದೆ. ನಿಮ್ಮ ಮುತ್ತಜ್ಜನನ್ನು ನೆರೆಯವರ ಭಾಷೆಯಲ್ಲಿ ಹಗೆಯೆಂದು ಕರೆದು, ಅದೇ ಹೆಸರು ಪುಸ್ತಕದಲ್ಲಿ ನಿಂತುಬಿಟ್ಟರೆ ಹೇಗಿರುತ್ತದೆ? ಈಗಿನ ವಿದ್ವಾಂಸರು ‘ಪೂರ್ವಿಕ ಪ್ವೆಬ್ಲೊ ಜನ’ ಎನ್ನುತ್ತಾರೆ. ಪ್ವೆಬ್ಲೊ ಎಂದರೆ ಸ್ಪ್ಯಾನಿಷ್‌ನಲ್ಲಿ ಊರು; ಕಲ್ಲು, ಮಣ್ಣಿನ ಊರು ಕಟ್ಟಿ ನೆಲೆಸಿದ ಈ ಭಾಗದ ಜನರಿಗೂ ಅದೇ ಹೆಸರು. ಹೋಪಿಯವರ ಮಾತಿನಲ್ಲಿ ಅವರು ‘ಹಿಸತ್ಸಿನೊಮ್’, ಎಂದರೆ ಬಹು ಹಿಂದಿನ ಜನ. ಕಿವಾ ಎಂದರೆ ಆಚರಣೆಗಳಿಗಾಗಿ ಕಟ್ಟಿದ, ಹೆಚ್ಚಾಗಿ ನೆಲದಡಿಯಲ್ಲಿರುವ ಕೋಣೆ. ಕತ್ಸಿನ ಎಂದರೆ ಮಳೆಯನ್ನೂ ಬಾಳಿನ ಒಳಿತನ್ನೂ ತರುವ ಚೇತನ. ವರ್ಷದ ಅರ್ಧ ಭಾಗ ಊರಿನಲ್ಲಿದ್ದು, ಜುಲೈ ಹೊತ್ತಿಗೆ ಫ್ಲಾಗ್‌ಸ್ಟಾಫ್ ಬಳಿಯ ಹಿಮಶಿಖರಗಳಿಗೆ ಮರಳುತ್ತವೆ ಎಂಬುದು ನಂಬಿಕೆ. ಇಷ್ಟು ಪದ ಗೊತ್ತಿದ್ದರೆ ಯಾವ ಲೇಖನವನ್ನಾದರೂ ಎಡವದೆ ಓದಬಹುದು.

ಎರಡನೆಯದು ಕಿವಿಗೊಡುವುದು

ಹೋಪಿ ನಾಡಿಗೆ ತನ್ನದೇ ರೇಡಿಯೊ ಕೇಂದ್ರವಿದೆ: ಕುಯಿ, 88.1 ಎಫ್‌ಎಂ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಇದರ ಪ್ರಸಾರವನ್ನು ಅಂತರ್ಜಾಲದಲ್ಲಿ ಎಲ್ಲಿಂದಲೂ ಕೇಳಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಿನ ಎಂಟಾದಾಗ ಕರ್ನಾಟಕದಲ್ಲಿ ರಾತ್ರಿ ಎಂಟೂವರೆ. ಊಟದ ಹೊತ್ತಿಗೆ ಹಚ್ಚಿಟ್ಟರೆ ಅವರ ಬೆಳಗಿನ ಸುದ್ದಿ, ಹವಾಮಾನ, ಹಾಡು, ನಡುನಡುವೆ ಹೋಪಿ ಮಾತು ಕಿವಿಗೆ ಬೀಳುತ್ತದೆ. ಅರ್ಥವಾಗದಿದ್ದರೂ ಕೇಳಿ. ವಾರ ಕಳೆಯುವಷ್ಟರಲ್ಲಿ ‘ಕಣ್ಮರೆಯಾದ ನಾಗರಿಕತೆ’ ಎಂಬ ಮಾತು ನಿಮ್ಮ ನಾಲಗೆಯಿಂದ ತಾನಾಗಿ ಬಿದ್ದುಹೋಗುತ್ತದೆ.

ಭಾಷೆಯಲ್ಲಿ ಆಸಕ್ತಿ ಮೂಡಿದರೆ ಹೋಪಿ ನಿಘಂಟನ್ನು ಹುಡುಕಿ. ಅರಿಜೋನ ವಿಶ್ವವಿದ್ಯಾಲಯದ ಮುದ್ರಣಾಲಯ 1998ರಲ್ಲಿ ಹೊರತಂದ ಈ ಗ್ರಂಥದಲ್ಲಿ ಸುಮಾರು 30,000 ನಮೂದುಗಳಿವೆ. ಅದರ ಹಿಂದಿನ ಮುಖ್ಯ ಶಕ್ತಿ ಎಮರಿ ಸೆಕಕ್ವಪ್‌ಟೆವ. ಅವರು ಹೋಪಿ ಊರಿನಲ್ಲೇ ಹುಟ್ಟಿ ಬೆಳೆದ ವಿದ್ವಾಂಸ. ಕಿಟೆಲ್ ನಿಘಂಟನ್ನು ಸುಮ್ಮನೆ ಪುಟ ತಿರುವಿ ಸುಖಪಟ್ಟವರಿಗೆ ಈ ಪುಸ್ತಕದ ರುಚಿಯನ್ನು ಬೇರೆ ಹೇಳಬೇಕಿಲ್ಲ.

ಹೋಪಿ ಬುಡಕಟ್ಟು ಸರ್ಕಾರಕ್ಕೆ ಸೇರಿದ ಸಂಸ್ಕೃತಿ ಸಂರಕ್ಷಣಾ ಕಚೇರಿ ಕೀಕೊಟ್ಸ್‌ಮೋವಿಯಲ್ಲಿದೆ. ಯಾವ ಸಂಶೋಧನೆ ನಡೆಯಬಹುದು, ಯಾವುದನ್ನು ಪ್ರಕಟಿಸಬಾರದು, ಸಂದರ್ಶಕರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಆ ಕಚೇರಿ ಹೇಳುತ್ತದೆ. ಅದನ್ನು ಬಹುಕಾಲ ನಡೆಸಿದ ಲೀ ಕುವನ್‌ವಿಸಿವ್‌ಮಾ ಅವರ ಉಪನ್ಯಾಸಗಳನ್ನೂ ಬರಹಗಳನ್ನೂ ಹುಡುಕಿ ಓದಿ. ಹೋಪಿಯವರು ಪುರಾತತ್ವವನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಸಿಕ್ಕಿಲ್ಲ. ಕುಲಗಳು ನಾಡಿನುದ್ದಕ್ಕೂ ಅಲೆಯುತ್ತ, ಅಲ್ಲಲ್ಲಿ ನೆಲೆಸಿ ಮತ್ತೆ ಹೊರಡುತ್ತ, ಕೊನೆಗೆ ಮೇಸಾಗಳಲ್ಲಿ ಒಂದಾದವು ಎಂಬುದು ಅವರ ಇತಿಹಾಸ. ದಾರಿಯಲ್ಲಿ ಬಿಟ್ಟ ಗೋಡೆ, ಮಡಕೆಚೂರು, ಬಂಡೆಯ ಮೇಲಿನ ಗೆರೆ ಎಲ್ಲವೂ ಅವರ ಮಾತಿನಲ್ಲಿ ಪೂರ್ವಿಕರ ಹೆಜ್ಜೆಗುರುತುಗಳು. ಬೇಕೆಂದೇ ಬಿಟ್ಟುಹೋದವು ಅವು. ‘ಇಲ್ಲಿ ನಾವಿದ್ದೆವು’ ಎಂದು ಹೇಳಲು.

ಟೂಬಾ ಸಿಟಿ ಬಳಿಯ ಟುಟುವೇನಿ ಎಂಬಲ್ಲಿನ ಬಂಡೆಗಳ ಚಿತ್ರಗಳನ್ನು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಉಪ್ಪು ತರಲು ಗ್ರ್ಯಾಂಡ್ ಕ್ಯಾನ್ಯನ್‌ಗೆ ಯಾತ್ರೆ ಹೊರಟ ಹೋಪಿ ಪುರುಷರು ದಾರಿಯಲ್ಲಿ ತಂತಮ್ಮ ಕುಲದ ಗುರುತನ್ನು ಅಲ್ಲಿ ಕೊರೆಯುತ್ತಿದ್ದರು. ಅಂಥ 5,000ಕ್ಕೂ ಹೆಚ್ಚು ಗುರುತುಗಳಿವೆ. ಒಂದೇ ಕುಲದ ಗುರುತು ಒಂದರ ಪಕ್ಕ ಒಂದರಂತೆ ಸಾಲುಗಟ್ಟಿ ನಿಂತಿರುವ ಬಂಡೆಗಳೂ ಇವೆ. ಯಾತ್ರೆಯಿಂದ ಯಾತ್ರೆಗೆ ಒಂದೊಂದು ಕೂಡಿದೆ, ಹಾಜರಿ ಪುಸ್ತಕದ ಸಹಿಯಂತೆ. ಕಿಡಿಗೇಡಿಗಳು ಅವುಗಳ ಮೇಲೆ ಬಣ್ಣ ಬಳಿದು, ಹೆಸರು ಕೆತ್ತಿ ಹಾಳುಮಾಡಿದ್ದರಿಂದ ಆ ಸ್ಥಳವನ್ನು ಲೇಸರ್ ಯಂತ್ರದಿಂದ ಅಳೆದು ದಾಖಲಿಸಿಟ್ಟಿದ್ದಾರೆ. ಆ ದಾಖಲೆಯನ್ನು ಸೈಆರ್ಕ್ ಎಂಬ ಸಂಸ್ಥೆಯ ಹೆಸರಿನಲ್ಲಿ ಹುಡುಕಬಹುದು. ಮನೆಯಲ್ಲೇ ಕುಳಿತು ನೋಡಿದರೆ ಸಾಕು.

ಈಗ ಪುರಾತತ್ವದ ಬೆನ್ನೆಲುಬು

ಯಾವ ವಿಜ್ಞಾನದಿಂದ ಈ ನಾಡಿನ ಕಾಲಗಣನೆ ನಿಂತಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ; ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ. ಅದು ಮರದ ಉಂಗುರಗಳ ಲೆಕ್ಕ. ಮಳೆ ಚೆನ್ನಾಗಿ ಬಂದ ವರ್ಷ ಮರದ ಕಾಂಡದಲ್ಲಿ ಅಗಲ ಉಂಗುರ, ಬರಗಾಲದಲ್ಲಿ ಕೂದಲೆಳೆಯಂಥ ಉಂಗುರ. ಈ ಅಗಲ-ಕಿರಿದುಗಳ ಸಾಲು ಒಂದು ಪ್ರದೇಶದ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತದೆ. ಇಂದಿನ ಮರದಿಂದ ಶುರುಮಾಡಿ, ಹಳೆಯ ಮನೆಯ ತೊಲೆಗೆ, ಅದಕ್ಕಿಂತ ಹಳೆಯ ತೊಲೆಗೆ ಸಾಲನ್ನು ಹೊಂದಿಸುತ್ತ ಹೋದರೆ ಮರ ಕಡಿದ ವರ್ಷವೇ ಸಿಗುತ್ತದೆ. ಇದನ್ನು ಕಟ್ಟಿದವರು ಎ. ಇ. ಡಗ್ಲಾಸ್ ಎಂಬ ಖಗೋಳವಿಜ್ಞಾನಿ. ಒರೈಬಿಯ ಹಳೆಯ ಮನೆಗಳ ತೊಲೆಗಳೂ ಅವರಿಗೆ ನೆರವಾದವು. ಆದರೂ ಇತ್ತೀಚಿನ ಸಾಲಿಗೂ ಪುರಾತನ ಊರುಗಳ ‘ತೇಲುವ’ (ಎಂದರೆ ಯಾವ ವರ್ಷಗಳದ್ದೆಂದು ಗೊತ್ತಿಲ್ಲದ) ಸಾಲಿಗೂ ನಡುವೆ ಬಹುಕಾಲ ಒಂದು ಅಂತರ ಉಳಿದಿತ್ತು. 1929ರ ಜೂನ್ 22ರಂದು ಅರಿಜೋನದ ಶೋ ಲೋ ಎಂಬಲ್ಲಿ ಸುಟ್ಟು ಕರಿಯಾದ ಒಂದು ತೊಲೆ ಸಿಕ್ಕಿತು. ಅದಕ್ಕೆ ಎಚ್‌ಎಚ್-39 ಎಂದು ಗುರುತಿನ ಸಂಖ್ಯೆ. ಅದರ ಒಳಗಿನ ಉಂಗುರ ಕ್ರಿ.ಶ. 1237ಕ್ಕೆ ಹೋಗಿ ನಿಂತು, ಎರಡು ಸಾಲುಗಳೂ ಕೂಡಿಕೊಂಡವು. ಅಲ್ಲಿಯವರೆಗೆ ಊಹೆಯಲ್ಲಿದ್ದ ಹತ್ತಾರು ಊರುಗಳಿಗೆ ಖಚಿತ ವರ್ಷಗಳು ಸಿಕ್ಕವು. ಡಗ್ಲಾಸ್ ಸ್ಥಾಪಿಸಿದ ಪ್ರಯೋಗಾಲಯ ಟೂಸಾನ್‌ನ ಅರಿಜೋನ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ.

ಇದಾದ ಮೇಲೆ ಎರಡು ದೊಡ್ಡ ನೆಲೆಗಳನ್ನು ಓದಿ. ಒಂದು ನ್ಯೂ ಮೆಕ್ಸಿಕೊದ ಚಾಕೊ ಕಣಿವೆ. ಸುಮಾರು 850ರಿಂದ 1150ರವರೆಗೆ ಅಲ್ಲಿ ಕಲ್ಲಿನ ಮಹಾಮನೆಗಳು ಎದ್ದವು. ಪ್ವೆಬ್ಲೊ ಬೊನಿಟೊ ಒಂದರಲ್ಲೇ 600ಕ್ಕೂ ಹೆಚ್ಚು ಕೋಣೆಗಳು. ಅಲ್ಲಿ ಸಿಕ್ಕ ಉದ್ದನೆಯ ಜಾಡಿಗಳಲ್ಲಿ ಕೋಕೋದ ಅಂಶ ಇರುವುದು 2009ರಲ್ಲಿ ಗೊತ್ತಾಯಿತು. ಕೋಕೋ ಬೆಳೆಯುವುದು ದೂರದ ದಕ್ಷಿಣದ ಮೆಕ್ಸಿಕೊ ಕಡೆಯ ಮಳೆನಾಡಿನಲ್ಲಿ. ಹೋಪಿಯವರಿಗೆ ಈ ಕಣಿವೆ ಯುಪ್ಕೊಯ್ವಿ. ಇನ್ನೊಂದು ಕೊಲೊರಾಡೊದ ಮೇಸಾ ವರ್ಡೆ, ಬಂಡೆಯ ಪೊಟರೆಗಳಲ್ಲಿ ಕಟ್ಟಿದ ಊರುಗಳ ಜಾಗ. ಅವುಗಳಲ್ಲಿ ದೊಡ್ಡದಾದ ‘ಬಂಡೆಯರಮನೆ’ಯಲ್ಲಿ (ಕ್ಲಿಫ್ ಪ್ಯಾಲೆಸ್) ಸುಮಾರು 150 ಕೋಣೆಗಳಿವೆ. 1276ರಿಂದ 1299ರವರೆಗೆ ಬಿದ್ದ ದೀರ್ಘ ಬರ ಮರದ ಉಂಗುರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1300ರ ಹೊತ್ತಿಗೆ ಜನ ದಕ್ಷಿಣಕ್ಕೆ ಹೊರಟುಹೋದರು. ಬರವೊಂದೇ ಕಾರಣವಲ್ಲ, ಒಳಜಗಳ, ಹಿಂಸೆ, ಹೊಸ ಊರುಗಳ ಸೆಳೆತ ಎಲ್ಲವೂ ಚರ್ಚೆಯಲ್ಲಿವೆ. ಹೊರಟವರು ಹೋಪಿ, ನ್ಯೂ ಮೆಕ್ಸಿಕೊದ ಜೂನಿ ಮತ್ತು ರಿಯೊ ಗ್ರಾಂಡೆ ದಂಡೆಯ ಊರುಗಳನ್ನು ಸೇರಿದರು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇವನ್ನು ಓದಲು ದುಡ್ಡು ಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಪ್ರತಿ ನೆಲೆಗೂ ತಿಳಿಯಾದ ಪರಿಚಯವಿದೆ, ಅಲ್ಲಿಂದ ಆರಂಭಿಸಿ. ಕೊಲೊರಾಡೊದ ಕೋರ್ಟೆಜ್ ಬಳಿ ಕ್ರೋ ಕ್ಯಾನ್ಯನ್ ಪುರಾತತ್ವ ಕೇಂದ್ರವಿದೆ. ಸಾಮಾನ್ಯರನ್ನೂ ಉತ್ಖನನಕ್ಕೆ ಸೇರಿಸಿಕೊಳ್ಳುವ ಸಂಸ್ಥೆ ಅದು. ಅದರ ಉಪನ್ಯಾಸಗಳ ಮುದ್ರಿಕೆಗಳು ಯೂಟ್ಯೂಬ್‌ನಲ್ಲಿವೆ. ಪ್ವೆಬ್ಲೊ ವಿದ್ವಾಂಸರೇ ಮಾತನಾಡಿರುವವನ್ನು ಆರಿಸಿ ನೋಡಿ. ಟೂಸಾನ್‌ನ ‘ಆರ್ಕಿಯಾಲಜಿ ಸೌತ್‌ವೆಸ್ಟ್’ ಸಂಸ್ಥೆ ಅದೇ ಹೆಸರಿನ ಪತ್ರಿಕೆ ತರುತ್ತದೆ. ಬಣ್ಣದ ಚಿತ್ರ, ಚಿಕ್ಕ ಲೇಖನ, ತಜ್ಞರದೇ ಬರಹ ಇರುವ ಆ ಪತ್ರಿಕೆ ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. ಆಳಕ್ಕಿಳಿಯಬೇಕೆಂದರೆ ಅರಿಜೋನ ವಿಶ್ವವಿದ್ಯಾಲಯ ಮುದ್ರಣಾಲಯ ತನ್ನ ಹಲವು ವಿದ್ವತ್ ಗ್ರಂಥಗಳನ್ನು ‘ಓಪನ್ ಅರಿಜೋನ’ ಎಂಬ ಹೆಸರಿನಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಚಾಕೊ ಕಣಿವೆಯ ಹಳೆಯ ಉತ್ಖನನಗಳ ಫೋಟೋ, ಟಿಪ್ಪಣಿಗಳು ಚಾಕೊ ರಿಸರ್ಚ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಹಳೆಯ ವರದಿಗಳನ್ನು ಓದುವಾಗ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಜನಾಂಗವಿಜ್ಞಾನ ವಿಭಾಗ ದಪ್ಪದಪ್ಪ ವಾರ್ಷಿಕ ವರದಿಗಳನ್ನು ಪ್ರಕಟಿಸಿತು. ಅವೆಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. 1891ರಲ್ಲಿ ಅಚ್ಚಾದ ಹೋಪಿ ಮತ್ತು ಜೂನಿ ಮನೆಗಳ ವಾಸ್ತುಶಿಲ್ಪದ ವರದಿ ಇಂದಿಗೂ ಅಮೂಲ್ಯ. ಏಣಿ, ಒಲೆ, ಚಾವಣಿ, ಜೋಳ ಬೀಸುವ ಕಲ್ಲು ಎಲ್ಲದರ ಅಳತೆ ಅದರಲ್ಲಿದೆ. ಆದರೆ ಅದೇ ಸಾಲಿನ ಬೇರೆ ವರದಿಗಳಲ್ಲಿ ಕಿವಾದೊಳಗಿನ ಆಚರಣೆಗಳ ವಿವರ, ಪೂಜಾವಸ್ತುಗಳ ಚಿತ್ರ ಇವೆ. ಎಷ್ಟೋ ಸಲ ಅವನ್ನು ಒಪ್ಪಿಗೆಯಿಲ್ಲದೆ ನೋಡಿ ಬರೆದದ್ದು. ಹೋಪಿ ಸಮಾಜದಲ್ಲಿ ಜ್ಞಾನಕ್ಕೆ ಹಕ್ಕುದಾರರಿದ್ದಾರೆ. ಒಂದು ಕುಲದ್ದು ಇನ್ನೊಂದಕ್ಕಿಲ್ಲ, ದೀಕ್ಷೆ ಪಡೆದವರದ್ದು ಪಡೆಯದವರಿಗಿಲ್ಲ. ಅವರ ಮಕ್ಕಳಿಗೇ ಹೇಳದ್ದನ್ನು ನಾವು ಪುಸ್ತಕದಲ್ಲಿ ಓದಿ ಇನ್ನೊಬ್ಬರಿಗೆ ಹೇಳುವುದು ಸರಿಯಲ್ಲ. ನಾನು ಅಂಥ ಪುಟಗಳನ್ನು ದಾಟಿಬಿಡುತ್ತೇನೆ. ನೀವೂ ಆ ಚಿತ್ರಗಳನ್ನು ಫೇಸ್‌ಬುಕ್ಕಿಗೆ ಹಾಕಬೇಡಿ.

ಈ ಮಾತು ಹಳೆಯ ಕಾಲದ್ದು ಮಾತ್ರವಲ್ಲ. 2013ರಲ್ಲಿ ಪ್ಯಾರಿಸ್‌ನಲ್ಲಿ ಕತ್ಸಿನ ಚೇತನಗಳಿಗೆ ಸೇರಿದ ಪವಿತ್ರ ವಸ್ತುಗಳನ್ನು ಹರಾಜಿಗೆ ಇಟ್ಟಾಗ ಹೋಪಿಯವರು ನ್ಯಾಯಾಲಯದ ಮೊರೆಹೋದರೂ ಹರಾಜು ನಿಲ್ಲಲಿಲ್ಲ. ಆ ವರ್ಷದ ಡಿಸೆಂಬರ್‌ನ ಹರಾಜಿನಲ್ಲಿ ಆನೆನ್‌ಬರ್ಗ್ ಪ್ರತಿಷ್ಠಾನ ಹಲವನ್ನು ಕೊಂಡು, ಹಿಂದಿರುಗಿಸಲು ಮುಂದಾಯಿತು. ಅಮೆರಿಕದೊಳಗೆ 1990ರ ಕಾಯ್ದೆಯೊಂದು ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ಮೂಲ ಸಮುದಾಯಗಳಿಗೆ ಮರಳಿಸಬೇಕೆಂದು ವಸ್ತುಸಂಗ್ರಹಾಲಯಗಳನ್ನು ಕಟ್ಟಿಹಾಕಿದೆ. ಸಂಗ್ರಹಾಲಯದಲ್ಲಿ ಖಾಲಿ ಗಾಜಿನ ಪೆಟ್ಟಿಗೆ ಕಂಡರೆ ಬೇಸರಪಡಬೇಡಿ.

ಯಾವುದನ್ನು ನಂಬಬಾರದು

ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ಹೋಪಿ ಬುಟ್ಟಿ, ಬಟ್ಟೆಗಳ ಮೇಲಿನ ಸ್ವಸ್ತಿಕವನ್ನು ತೋರಿಸಿ, ಇವರು ಭಾರತದಿಂದ ಹೋದವರು ಎನ್ನುವ ವಾಟ್ಸಾಪ್ ಸಂದೇಶಗಳು ನಮ್ಮಲ್ಲಿ ಸುತ್ತುತ್ತವೆ. ಅದಕ್ಕೆ ಯಾವ ಆಧಾರವೂ ಇಲ್ಲ. ನಾಲ್ಕು ಬಾಗಿದ ತೋಳುಗಳ ಗುರುತು ಜಗತ್ತಿನ ಹಲವು ಕಡೆ ಪ್ರತ್ಯೇಕವಾಗಿ ಹುಟ್ಟಿದೆ. ಆ ಗುರುತಿಗೆ ಅಲ್ಲಿ ತನ್ನದೇ ನೋವಿನ ಕಥೆಯಿದೆ: 1940ರ ಫೆಬ್ರವರಿಯಲ್ಲಿ ಹೋಪಿ, ನವಾಹೊ ಮುಂತಾದ ಬುಡಕಟ್ಟುಗಳ ಪ್ರತಿನಿಧಿಗಳು ನಾಜಿಗಳ ಕೃತ್ಯವನ್ನು ಖಂಡಿಸಿ, ತಮ್ಮ ಬುಟ್ಟಿ, ಕಂಬಳಿಗಳಲ್ಲಿ ಇನ್ನು ಅದನ್ನು ನೇಯುವುದಿಲ್ಲ ಎಂದು ಸಹಿ ಹಾಕಿದರು.

‘ಹೋಪಿ ಭಾಷೆಯಲ್ಲಿ ಕಾಲದ ಕಲ್ಪನೆಯೇ ಇಲ್ಲ’ ಎಂಬುದು ಇನ್ನೊಂದು. ಭಾಷಾವಿಜ್ಞಾನಿ ಬೆಂಜಮಿನ್ ವೋರ್ಫ್ 1930ರ ದಶಕದಲ್ಲಿ ಮಂಡಿಸಿದ ವಾದ ಹೀಗೆ ಸವೆದು ಉಳಿದಿದೆ. ಇನ್ನೊಬ್ಬ ಭಾಷಾವಿಜ್ಞಾನಿ ಎಕೆಹಾರ್ಟ್ ಮಲೋಟ್ಕಿ 1983ರಲ್ಲಿ 600ಕ್ಕೂ ಹೆಚ್ಚು ಪುಟಗಳಲ್ಲಿ, ಜನ ಆಡಿದ ಮಾತುಗಳನ್ನೇ ಮುಂದಿಟ್ಟು, ಆ ಭಾಷೆಯಲ್ಲಿ ದಿನ, ಋತು, ಹಿಂದು, ಮುಂದುಗಳಿಗೆ ಎಷ್ಟು ಸಮೃದ್ಧ ಪದಗಳಿವೆ ಎಂದು ತೋರಿಸಿದರು. ಲೋಕ ಮುಳುಗುವ ಹೋಪಿ ಭವಿಷ್ಯವಾಣಿ, ಅನ್ಯಗ್ರಹದವರು ಎಂಬ ವಿಡಿಯೊಗಳನ್ನು ಮುಟ್ಟಲೇಬೇಡಿ. ಯಾವುದೇ ಬರಹ ಸಿಕ್ಕಾಗ ಎರಡು ಪ್ರಶ್ನೆ ಸಾಕು: ಇದನ್ನು ಹೇಳಿದವರು ಯಾರು? ಹೇಳಲು ಅವರಿಗೆ ಒಪ್ಪಿಗೆ ಕೊಟ್ಟವರು ಯಾರು?

ಹೋಗಿ ನೋಡುವವರಿಗೆ

ಫೀನಿಕ್ಸ್‌ನಿಂದ ಹೊರಟರೆ ಮೊದಲ ನಿಲುಗಡೆ ಫ್ಲಾಗ್‌ಸ್ಟಾಫ್, ಸುಮಾರು 230 ಕಿಲೋಮೀಟರ್. ಅಲ್ಲಿನ ಉತ್ತರ ಅರಿಜೋನ ವಸ್ತುಸಂಗ್ರಹಾಲಯ 1928ರಲ್ಲಿ ಆರಂಭವಾದದ್ದು. 1930ರಿಂದಲೇ ಹೋಪಿ ಕುಶಲಕರ್ಮಿಗಳ ಪ್ರದರ್ಶನ ನಡೆಸಿದ ಸಂಸ್ಥೆ. ಅರ್ಧ ದಿನವನ್ನಾದರೂ ಕೊಡಿ. ನಂಪೆಯೊ ಎಂಬ ಹೋಪಿ-ಟೇವಾ (ಹೋಪಿಯವರ ನಡುವೆ ನೆಲೆಸಿದ ಟೇವಾ ಜನರ) ಕುಂಬಾರಗಿತ್ತಿ ಸಿಕ್ಯಾಟ್ಕಿ ಎಂಬ ಹಳೆಯ ಊರಿನ ಮಡಕೆಗಳ ವಿನ್ಯಾಸವನ್ನು ನೋಡಿ, ಆ ಶೈಲಿಗೆ ಮತ್ತೆ ಜೀವ ಕೊಟ್ಟವರು. ಅವರ ಪರಂಪರೆಯ ಮಡಕೆಗಳನ್ನು ಕಣ್ಣಾರೆ ನೋಡಬೇಕು. ಊರ ಉತ್ತರಕ್ಕೆ ವುಪಾಟ್ಕಿ ಇದೆ. ಕೆಂಪು ಕಲ್ಲಿನ ಆ ನೂರು ಕೋಣೆಗಳ ಮನೆಯನ್ನು ಸಂಜೆ ಬಿಸಿಲಿನಲ್ಲಿ ನೋಡಿ.

ನಾನು ಎಲ್ಲರಿಗೂ ಹೇಳುವ ಜಾಗ ಮಾತ್ರ ವಿನ್ಸ್ಲೋ ಪಕ್ಕದ ಹೋಮೊಲೊವಿ. ಹೋಪಿ ಬುಡಕಟ್ಟಿನೊಂದಿಗಿನ ಒಪ್ಪಂದದಿಂದ 2011ರಲ್ಲಿ ಮತ್ತೆ ತೆರೆದ ರಾಜ್ಯ ಉದ್ಯಾನ ಅದು. ನೋಡಲು ದೊಡ್ಡ ಗೋಡೆಗಳಿಲ್ಲ. ಆದರೆ ಕಾಲುದಾರಿಯ ಅಕ್ಕಪಕ್ಕ ತಲೆ ಬಗ್ಗಿಸಿ ನಡೆದರೆ ಮಡಕೆಚೂರುಗಳು ಕಾಣುತ್ತವೆ. ಅವುಗಳಲ್ಲಿ ಹಳದಿಯವನ್ನು ಗಮನಿಸಿ, ಬೇಯಿಸಿದ ಅರಿಶಿನದ ಕೊಂಬಿನ ಬಣ್ಣದವು. ಅವು ಹೆಚ್ಚಾಗಿ ಇಲ್ಲಿ ಸುಟ್ಟವಲ್ಲ. ಸುಮಾರು ನೂರು ಕಿಲೋಮೀಟರ್ ಉತ್ತರದ ಹೋಪಿ ಮೇಸಾಗಳಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಕಲ್ಲಿದ್ದಲ ಬೆಂಕಿಯಲ್ಲಿ ಬೆಂದವು. ಜೇಡಿಯ ರಾಸಾಯನಿಕ ಪರೀಕ್ಷೆ ಇದನ್ನು ತೋರಿಸಿದೆ. ಇಲ್ಲಿನವರು ನದಿಯ ಬಯಲಿನಲ್ಲಿ ಹತ್ತಿ ಬೆಳೆಯುತ್ತಿದ್ದರು. ಇಲ್ಲಿಂದ ತಮ್ಮ ಕುಲಗಳು ಮೇಸಾಗಳಿಗೆ ನಡೆದವೆಂದು ಹೋಪಿಯವರು ಹೇಳುತ್ತಲೇ ಬಂದಿದ್ದಾರೆ. ಕಾಲಬುಡದ ಚೂರು ಅದೇ ದಾರಿಯನ್ನು ತೋರಿಸುತ್ತದೆ. ಅದನ್ನು ಎತ್ತಿ ಜೇಬಿಗೆ ಹಾಕುವುದು ಅಪರಾಧ. ಕೆಲವರು ಚೂರುಗಳನ್ನು ಆರಿಸಿ ಬಂಡೆಯ ಮೇಲೆ ಚೆಂದಕ್ಕೆ ಜೋಡಿಸಿಡುತ್ತಾರೆ. ಅದೂ ತಪ್ಪು, ಯಾವ ಚೂರು ಎಲ್ಲಿ ಬಿದ್ದಿತ್ತು ಎಂಬುದೇ ಅದರ ಅರ್ಧ ಕಥೆ. ಬಗ್ಗಿ ನೋಡಿ, ಅಲ್ಲೇ ಬಿಡಿ.

ಹೋಮೊಲೊವಿಯಿಂದ ಉತ್ತರಕ್ಕೆ 87ನೇ ಹೆದ್ದಾರಿ ಎರಡನೆಯ ಮೇಸಾಕ್ಕೆ ಒಯ್ಯುತ್ತದೆ. ಹೊರಡುವ ಮುನ್ನ ಪೆಟ್ರೋಲ್ ತುಂಬಿಸಿ, ನೀರು, ಒಂದಿಷ್ಟು ನಗದು ಇಟ್ಟುಕೊಳ್ಳಿ. ಊರುಗಳೊಳಗೆ ಫೋಟೋ, ವಿಡಿಯೊ, ಧ್ವನಿಮುದ್ರಣ ನಿಷಿದ್ಧ. ಪುಸ್ತಕದಲ್ಲಿ ಗೀಚಿ ಚಿತ್ರ ಬರೆಯುವುದೂ ಇಲ್ಲ. ಗರ್ಭಗುಡಿಯ ಮುಂದೆ ಮೊಬೈಲ್ ಎತ್ತದವರಿಗೆ ಇದು ಕಷ್ಟವಾಗಬಾರದು. ಸ್ಥಳೀಯ ಮಾರ್ಗದರ್ಶಕರ ಜೊತೆಯಲ್ಲೇ ನಡೆಯಿರಿ; ವಾಲ್ಪಿಗೆ ಒಬ್ಬರೇ ಹೋಗುವಂತಿಲ್ಲ. ಆಚರಣೆಗಳ ದಿನ ಊರು ಹೊರಗಿನವರಿಗೆ ಮುಚ್ಚಿರಬಹುದು, ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸಿ. ಮುಚ್ಚಿದ್ದರೆ ಕಾರಣ ಕೇಳದೆ ಹಿಂದಿರುಗಿ. ಬುಟ್ಟಿ, ಬೆಳ್ಳಿ ಒಡವೆ, ಮರದ ಗೊಂಬೆ ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ. ಯಾವ ಕುಲದ ಗುರುತು, ಯಾವ ಮರ ಎಂದು ಅವರೇ ಇಷ್ಟಪಟ್ಟು ಹೇಳಿದಷ್ಟನ್ನು ಕೇಳಿಕೊಳ್ಳಿ.

ಎರಡನೆಯ ಮೇಸಾದ ಹೋಪಿ ಸಾಂಸ್ಕೃತಿಕ ಕೇಂದ್ರದಲ್ಲಿ ತಂಗಲು ಕೋಣೆ, ಪಕ್ಕದಲ್ಲೇ ಊಟದ ಮನೆ ಇವೆ. ದಾರಿಯ ಕೆಳಗಿನ ಹೊಲಗಳನ್ನು ನೋಡಲು ಮರೆಯಬೇಡಿ. ಸಾಲುಗಳ ನಡುವೆ ಹಲವು ಅಡಿ ಅಂತರ ಬಿಟ್ಟು, ಮರಳಿನಲ್ಲಿ ಒಂಟಿ ಒಂಟಿ ಪೊದೆಗಳಂತೆ ಮೆಕ್ಕೆಜೋಳ ನಿಂತಿರುತ್ತದೆ. ವರ್ಷಕ್ಕೆ ಹತ್ತು ಇಂಚಿನ ಆಸುಪಾಸಿನ ಮಳೆ, ನೀರಾವರಿ ಇಲ್ಲ. ಕೋಲಿನಿಂದ ಗೇಣಿನಷ್ಟೋ ಅದಕ್ಕಿಂತ ಆಳಕ್ಕೋ ತೋಡಿ, ಒಂದೇ ಕುಳಿಗೆ ಹತ್ತಾರು ಕಾಳು ಹಾಕುತ್ತಾರೆ. ಚಳಿಗಾಲದ ಹಿಮ ಕರಗಿ ಇಂಗಿದ ತೇವ ಅಷ್ಟು ಕೆಳಗೆ ಇರುತ್ತದೆ. ನೀಲಿ ಬಗೆಯ ಮೆಕ್ಕೆಜೋಳದ ಹಿಟ್ಟನ್ನು ಬೂದಿನೀರಿನಲ್ಲಿ ತೆಳ್ಳಗೆ ಕಲಸಿ, ಕಾದ ಕಲ್ಲಿನ ಮೇಲೆ ಬರಿಗೈಯಲ್ಲಿ ಸವರಿ ಎತ್ತಿ ಸುರುಳಿ ಸುತ್ತಿದರೆ ಪೀಕಿ. ಬಾಯಲ್ಲಿಟ್ಟರೆ ಕಾಗದದಂತೆ ಮುರಿದು ಕರಗುತ್ತದೆ. ರಸ್ತೆಬದಿಯಲ್ಲಿ ಯಾರಾದರೂ ಮಾರುತ್ತಿದ್ದರೆ ಎರಡು ಸುರುಳಿ ಹೆಚ್ಚಿಗೇ ಕೊಳ್ಳಿ, ಮನೆ ಸೇರುವಷ್ಟರಲ್ಲಿ ಒಂದೂ ಉಳಿಯುವುದಿಲ್ಲ.